ಊಟದ ಖಾತೆ ನನಗೆ ಬಂದದ್ದು

ನಮ್ಮ ಕನ್ನಡ ಸಂಘದ ಹೊಸ ಅಧ್ಯಕ್ಷರು ಊಟದ ಖಾತೆಯನ್ನು ನನಗೆ ಕೊಟ್ಟದ್ದು ಬೇರೆ ದಾರಿ ಕಾಣದೆ. ಆಮೇಲೆ ವೇದಿಕೆಯಲ್ಲಿ ಅವರು ಬೇರೆ ತರಹ ಹೇಳಿದ್ದಾರೆ. ದುಡಿಯುವ ಕೈಯನ್ನು ಗುರುತಿಸಿದೆ ಎಂದರು, ಜನ ಚಪ್ಪಾಳೆ ತಟ್ಟಿದರು. ಗುರುತಿಸಿದ್ದು ಏನೂ ಇಲ್ಲ. ನಾನು ಕೇಳಿದೆ, ಅವರು ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅಷ್ಟೇ ನಡೆದದ್ದು.

ಮೆಸ್ಸಿನ ಅಡುಗೆ ಕೆಲಸಕ್ಕೆ ದುಬೈಗೆ ಹೊಸದಾಗಿ ಬರುವ ಹೆಂಗಸರು ಈಗಲೂ ನನಗೆ ಫೋನ್ ಮಾಡಿ ಕೇಳುತ್ತಾರೆ, ಕೆಲಸ ಹೇಗಿರುತ್ತದೆ ಗಿರಿಜಕ್ಕ ಎಂದು. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಹಾಗಾಗಿ ಬರೆದಿಟ್ಟಿದ್ದೇನೆ. ನಾನು ಓದಿದ್ದು ಐದನೇ ತರಗತಿ. ಕೆಲಸದ ವೀಸಾ ಮುಗಿದ ಮೇಲೆ ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದೇನೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಅವಳ ಮೇಜಿನಲ್ಲೇ ಕುಳಿತು ಬರೆಯುತ್ತೇನೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ನಾನು ದುಡಿದ ಮೆಸ್ಸು ದುಬೈಯ ನೈಫ್ ಎಂಬ ಪೇಟೆಯಲ್ಲಿ, ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ, ಮೊದಲನೇ ಮಹಡಿಯಲ್ಲಿ ಇತ್ತು. ಅದರ ಯಜಮಾನರು ವಾಸಣ್ಣ, ಉಡುಪಿ ಕಡೆಯವರು, ನನ್ನ ಹಾಗೆಯೇ. ಬಂದ ಮೊದಲ ವಾರವೇ ನಾನು ಮರ್ಯಾದೆ ಕಳೆದುಕೊಂಡೆ. ಊರಿನಲ್ಲಿ ಇಡ್ಲಿ ಹಿಟ್ಟನ್ನು ಸಂಜೆ ರುಬ್ಬಿಟ್ಟರೆ ಬೆಳಿಗ್ಗೆಗೆ ಹದ. ಇಲ್ಲಿಯೂ ಹಾಗೇ ಇಟ್ಟೆ. ಅದು ಜೂನ್ ತಿಂಗಳು. ಬೆಳಿಗ್ಗೆ ಬಾಗಿಲು ತೆಗೆದರೆ ಹಿಟ್ಟು ಪಾತ್ರೆಯಿಂದ ಇಳಿದು ನೆಲದಲ್ಲಿ ಹರಿದಿತ್ತು. ವಾಸಣ್ಣ ಬೈಯಲಿಲ್ಲ. "ಗಿರಿಜಕ್ಕ, ಇಲ್ಲಿ ಹಿಟ್ಟಿಗೂ ಅರ್ಜೆಂಟ್ ಉಂಟು" ಎಂದರು. ನೆನಪಿಡಿ, ಬೇಸಗೆಯಲ್ಲಿ ಐಸ್ ನೀರು ಹಾಕಿ ರುಬ್ಬಬೇಕು, ಮೂರು ತಾಸು ಹೊರಗೆ, ಆಮೇಲೆ ಫ್ರಿಜ್ಜು.

ವಾಸಣ್ಣನಿಗೆ ಒಂದು ಅಭ್ಯಾಸ. ಅವರು ಯಾವ ಅಡುಗೆಯ ರುಚಿಯನ್ನೂ ನೋಡುತ್ತಿರಲಿಲ್ಲ. ಊಟವಾದ ಮೇಲೆ ತೊಳೆಯಲು ಬಂದ ತಟ್ಟೆಗಳ ಹತ್ತಿರ ನಿಂತು ಎಂಜಲು ನೋಡುತ್ತಿದ್ದರು. ಉಂಡವನು ಬಾಯಲ್ಲಿ ಸುಳ್ಳು ಹೇಳಿಯಾನು, ತಟ್ಟೆ ಹೇಳುವುದಿಲ್ಲ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ ಎಂದು ನಾನು ಹೇಳುವುದಿಲ್ಲ. ಜ್ವರ ಬಂದರೂ ರಜೆ ಕೊಡದವರು. ಆದರೆ ಆ ತಟ್ಟೆ ನೋಡುವ ವಿದ್ಯೆ ಅವರಿಂದಲೇ ಬಂತು.

ಇನ್ನೊಂದು ದೊಡ್ಡ ತಪ್ಪು ಮಾಡಿದ್ದು ನಾನು ಮೊದಲ ಸಲ ಇನ್ನೂರು ಜನಕ್ಕೆ ಬೇಯಿಸಿದಾಗ. ಕನ್ನಡದವರ ಊಟ ಎಂದರು. ನನಗೆ ಕನ್ನಡದವರು ಎಂದರೆ ನಮ್ಮ ಹಾಗೆಯೇ ಇರುತ್ತಾರೆ ಎಂಬ ಎಣಿಕೆ. ದೊಡ್ಡ ಹಂಡೆಯಲ್ಲಿ ಪೂರಾ ಕುಚ್ಚಲಕ್ಕಿ ಬೇಯಿಸಿ ಇಳಿಸಿದೆ. ಧಾರವಾಡ ಕಡೆಯ ಒಬ್ಬರು ತಟ್ಟೆಯನ್ನು ಬೆಳಕಿಗೆ ಹಿಡಿದು, "ಇದೇನ್ರೀ ಅಕ್ಕಾರ, ಅಕ್ಕಿಗೆ ಬಾವು ಬಂದೈತೇನ್ರೀ?" ಎಂದು ಕೇಳಿದರು. ಅರ್ಧ ಹಂಡೆ ಅನ್ನ ಹಾಗೇ ಉಳಿಯಿತು. ಆವತ್ತಿನಿಂದ ನಾನು ಒಲೆ ಹಚ್ಚುವ ಮೊದಲು ಕೇಳುವುದು ಒಂದೇ: ಉಣ್ಣುವವರು ಎಲ್ಲಿಯವರು? ಕರಾವಳಿಯವರು ಎಷ್ಟು, ಬೆಂಗಳೂರು ಮೈಸೂರು ಎಷ್ಟು, ರೊಟ್ಟಿ ಇಲ್ಲದೆ ಏಳದವರು ಎಷ್ಟು? ತಲೆ ಲೆಕ್ಕ ಆಮೇಲೆ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಸಾಂಬಾರು ಬಿಸಿ ಇದೆಯೇ ಎಂದು ಪಾತ್ರೆಯ ಹೊರಗೆ ಕೈಯಿಟ್ಟು ನೋಡುತ್ತಿದ್ದೆ. ಒಂದು ದಿನ ತಪಾಸಣೆಗೆ ಬಂದ ಅರಬಿ ಹುಡುಗಿ ಸೂಜಿಯಂತಹ ಥರ್ಮಾಮೀಟರನ್ನು ನನ್ನ ಸಾಂಬಾರಿಗೆ ಚುಚ್ಚಿದಳು. ನನಗೆ ಸಿಟ್ಟು ಬಂತು, ಇದೇನು ಸಾಂಬಾರಿಗೆ ಜ್ವರವೇ ಎಂದು. ಅವಳು ಓದಿದ ಸಂಖ್ಯೆ ಕಡಿಮೆ ಇತ್ತು, ಹಂಡೆಯ ನಡುವೆ ಆರಿತ್ತು, ನನ್ನ ಕೈಗೆ ಅದು ಗೊತ್ತಾಗಿರಲಿಲ್ಲ. ಮರುವಾರ ಅಂತಹದೇ ಒಂದು ನಾನೂ ತಂದೆ. ಆರೋಗ್ಯ ಕಾರ್ಡ್ ಇಲ್ಲದವರು ಅಡುಗೆಮನೆಯ ಹೊಸಿಲು ದಾಟಬಾರದು ಎಂಬ ನಿಯಮವನ್ನೂ ನಾನು ಮುರಿದವಳಲ್ಲ. ನಿಯಮದಲ್ಲಿ ಬುದ್ಧಿ ಇದ್ದರೆ ತಲೆಬಾಗಬೇಕು. ಇಲ್ಲದಿದ್ದರೆ ಏನು ಮಾಡಬೇಕು ಎಂಬುದು ನನಗೆ ತಡವಾಗಿ ತಿಳಿಯಿತು.

ಅದು ತಿಳಿದದ್ದು ಒಂದು ರಾಜ್ಯೋತ್ಸವದ ದಿನ. ಸಂಘದವರು ಪ್ರತಿ ನವೆಂಬರಿನಲ್ಲಿ ಒಂದು ಶುಕ್ರವಾರ ಶಾಲೆಯ ಸಭಾಂಗಣ ಹಿಡಿದು ಹಬ್ಬ ಮಾಡುತ್ತಿದ್ದರು. ಬೆಳಿಗ್ಗೆ ಮೆರವಣಿಗೆ, ಆಮೇಲೆ ಭಾಷಣ, ಆಮೇಲೆ ಊಟ. ಆ ವರ್ಷ ಊಟದ ಖಾತೆ ಮನೋಹರ ರಾಯರದ್ದು. ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಊಟ ಹೋಟೆಲಿನಿಂದ ಬಂದಿತ್ತು, ಬಡಿಸಲು ಮಾತ್ರ ನಮ್ಮ ಮೆಸ್ಸಿನಿಂದ ನಾಲ್ಕು ಜನ ಹೋಗಿದ್ದೆವು. ರಾಯರು ಆ ಸಲ ಕೂಪನ್ ಪದ್ಧತಿ ತಂದಿದ್ದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೊಟ್ಟ ಕುಟುಂಬಗಳಿಗೆ ಹಸಿರು ಚೀಟಿ. ಚೀಟಿ ಇಲ್ಲದವರಿಗೆ ತಟ್ಟೆ ಇಲ್ಲ.

ಮೆರವಣಿಗೆಯಲ್ಲಿ ಡೊಳ್ಳು ಬಾರಿಸಿದವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಮಿಕರ ಕ್ಯಾಂಪಿನಿಂದ ಬಂದ ಹದಿನೆಂಟು ಜನ. ಗದಗ, ಕೊಪ್ಪಳ ಕಡೆಯವರು, ಕಾರ್ಖಾನೆಗಳಲ್ಲಿ ದುಡಿಯುವವರು. ಅವರ ಮುಂದಾಳು ಬಸಪ್ಪ. ಬಿಸಿಲಿನಲ್ಲಿ ಒಂದು ತಾಸು ಬಾರಿಸಿ, ಬೆವರು ಒರೆಸಿಕೊಳ್ಳುತ್ತಾ ಬಂದು ಸಾಲಿನಲ್ಲಿ ನಿಂತರು. ಅವರು ಯಾವ ವಾಟ್ಸಾಪ್ ಗುಂಪಿನಲ್ಲೂ ಇರಲಿಲ್ಲ. ರಾಯರು ಮೇಜಿನ ತುದಿಯಲ್ಲಿ ನಿಂತು ನನಗೆ ಹೇಳಿದರು:

"ಕೂಪನ್ ಇಲ್ದೆ ಬಡಿಸ್ಬೇಡಿ ಕಣಮ್ಮ. ಒಬ್ಬರಿಗೆ ಬಡಿಸಿದ್ರೆ ಸಿಸ್ಟಮ್ಮೇ ಹಾಳಾಗುತ್ತೆ."

ನಾನು ಬಡಿಸಲಿಲ್ಲ. ಸೌಟು ನನ್ನ ಕೈಯಲ್ಲಿತ್ತು, ಅನ್ನ ನನ್ನ ಮುಂದಿತ್ತು, ಬಡಿಸಬಹುದಿತ್ತು. ಬಡಿಸಲಿಲ್ಲ. ಬಸಪ್ಪ ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ ಅವ್ವಾ, ಬಸ್ಸಿನಾಂವ ಬ್ಯಾರೆ ಯಲ್ಲಾ ಯಲ್ಲಾ, ನಡೀರಿ ನಡೀರಿ ಅನ್ನಾಕತ್ಯಾನ. ಕ್ಯಾಂಪಿನ್ಯಾಗ ಮಾಡ್ಕೊಂಡು ಉಣ್ತೀವಿ" ಎಂದು ತನ್ನವರನ್ನು ಕರೆದುಕೊಂಡು ಹೋದ. ಸಂಜೆ ಉಳಿದ ಅನ್ನ, ಪಲ್ಯ, ಹೋಳಿಗೆಯನ್ನು ಕಪ್ಪು ಚೀಲಗಳಿಗೆ ತುಂಬಿ ಕಟ್ಟಿದವಳೂ ನಾನೇ. ಅಳಲಿಲ್ಲ, ಅಳುವ ಜಾತಿಯವಳಲ್ಲ. ಮುಂದಿನ ಸಲ ಈ ಮೇಜಿನ ತುದಿಯಲ್ಲಿ ನಿಲ್ಲುವವರು ಯಾರು ಎಂಬುದನ್ನು ಮಾತ್ರ ಅವರ ಕೈಗೆ ಬಿಡುವುದಿಲ್ಲ ಎಂದುಕೊಂಡೆ.

ಮರುವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ದಯಾನಂದಣ್ಣ, ಮಂಗಳೂರಿನವರು, ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆ ಇಟ್ಟವರು. ಎದುರು ಯಾರೂ ನಿಲ್ಲದ ಕಾರಣ ಗೆದ್ದರು. ಮೃದು ಮನುಷ್ಯ. ಯಾರು ಏನು ಕೇಳಿದರೂ "ನೋಡುವ, ನೋಡುವ" ಎನ್ನುವವರು. ಅಧ್ಯಕ್ಷರು ತಮ್ಮ ಸಮಿತಿಯನ್ನು ತಾವೇ ನೇಮಿಸಬೇಕು ಎಂಬುದು ಸಂಘದ ನಿಯಮ. ಹಾಗಾಗಿ ಯಾರನ್ನು ತೆಗೆದುಕೊಳ್ಳಬೇಕು ಎಂಬ ಚರ್ಚೆ ಶುರುವಾಯಿತು. ಅದು ನಡೆದದ್ದು ನಮ್ಮ ಮೆಸ್ಸಿನಲ್ಲಿ, ಶುಕ್ರವಾರದ ಮೀನೂಟ ಮುಗಿದ ಮೇಲೆ. ಓಣಿಯ ಅಂಗಡಿಗಳು ಜುಮ್ಮಾ ನಮಾಜಿಗೆ ಮುಚ್ಚಿರುತ್ತಿದ್ದವು, ಎಲ್ಲರಿಗೂ ರಜೆ, ಎದ್ದು ಹೋಗಲು ಅವಸರವಿಲ್ಲ. ಅವರು ಅದನ್ನು ಕ್ಯಾಬಿನೆಟ್ ಎಂದೇ ಕರೆಯುತ್ತಿದ್ದರು. ವಿಧಾನಸೌಧದಲ್ಲಿಯೂ ಅಷ್ಟು ಗಂಭೀರವಾಗಿ ಕೂರುತ್ತಾರೋ ಇಲ್ಲವೋ.

ಮೊದಲ ಶುಕ್ರವಾರ ಕಾರ್ಯದರ್ಶಿಯ ಖಾತೆ. ಮನೋಹರ ರಾಯರು ಮೊದಲು ಬಾಯಿ ತೆಗೆದರು.

"ನೋಡಿ, ಅಧ್ಯಕ್ಷರು ಕರಾವಳಿಯವರಾದ ಮೇಲೆ ಕಾರ್ಯದರ್ಶಿ ಘಟ್ಟದ ಮೇಲಿನವರೇ ಆಗ್ಬೇಕು. ಅದು ಪದ್ಧತಿ."

"ಘಟ್ಟದ ಮೇಲೆ ಅಂದ್ರೆ ನಿಮ್ಮ ಲೆಕ್ಕದಲ್ಲಿ ಬೆಂಗ್ಳೂರು ಮಾತ್ರವಾ ಮಾರಾಯ್ರೆ?" ಎಂದು ಲಾರೆನ್ಸಣ್ಣ ಕೇಳಿದರು. ಇವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ. ಸಂಘದ ನಿಯಮಾವಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಾವಾಗಲೂ ಜೊತೆಗೆ ತರುತ್ತಿದ್ದವರು ಇವರೊಬ್ಬರೇ.

"ಹಾಗಲ್ಲ ಲಾರೆನ್ಸ್..."

"ಹಾಗಲ್ಲ ಅಂದ್ರೆ ಹೇಗೆ? ಹುಬ್ಬಳ್ಳಿ ಎಲ್ಲಿ ಹೋಯ್ತು? ಬೀದರ್ ಎಂತ ಸಮುದ್ರದಲ್ಲಿ ಉಂಟಾ?"

ಮೂಲೆಯಿಂದ ಯಾರೋ ಕೂಗಿದರು, "ಕುಂದಾಪ್ರದವ್ರಿಗೆ ಎಂತ ಇತ್? ಬ್ಯಾನರ್ ಕಟ್ಟುಕ್ ಮಾತ್ರ ಕರೂದಾ?"

"ನೋಡುವ, ನೋಡುವ" ಎಂದು ದಯಾನಂದಣ್ಣ ಕೈ ಒರೆಸುವ ಟಿಶ್ಯೂ ಕಾಗದದ ಮೇಲೆ ಹೆಸರು ಬರೆದುಕೊಂಡರು. ಕಾಗದ ಮೀನಿನ ಎಣ್ಣೆ ಹೀರಿತ್ತು, ಪೆನ್ನು ಹತ್ತಲಿಲ್ಲ. ಕೊನೆಗೆ ಲಾರೆನ್ಸಣ್ಣನೇ ಕಾರ್ಯದರ್ಶಿ ಎಂದಾಯಿತು, ಏಕೆಂದರೆ ನಿಯಮ ಓದಿದವರು ಬೇರೆ ಯಾರೂ ಇರಲಿಲ್ಲ.

ಎರಡನೇ ಶುಕ್ರವಾರದ ಹೊತ್ತಿಗೆ ಖಾತೆಗಳು ಸಾಲದೆ ಹೊಸ ಖಾತೆಗಳನ್ನು ಹುಟ್ಟಿಸಿದರು. ಮೈಕಿಗೆ ಒಬ್ಬ ಸಂಚಾಲಕ, ಮೈಕ್ ಹಿಡಿದು ನಿಲ್ಲಲು ಒಬ್ಬ ಉಪಸಂಚಾಲಕ. ಹಾರ ತುರಾಯಿಗೆ ಒಬ್ಬರು. ಮಹಿಳಾ ವಿಭಾಗಕ್ಕೆ ಅಧ್ಯಕ್ಷರ ಮನೆಯವರು. ಅದಕ್ಕೆ ಚರ್ಚೆಯೇ ಇಲ್ಲ, ರಂಗೋಲಿ ಹಾಕುವುದು ಮತ್ತು ಅತಿಥಿಗಳಿಗೆ ಆರತಿ ಎತ್ತುವುದು ಅಲ್ಲಿನ ಕೆಲಸ. ನಾನು ಮಜ್ಜಿಗೆ ಬಡಿಸುತ್ತಾ ಎಲ್ಲವನ್ನೂ ಕೇಳುತ್ತಿದ್ದೆ. ಒಂದೊಂದು ಜಿಲ್ಲೆಗೆ ಒಂದೊಂದು ಕುರ್ಚಿ ಕೊಡುವುದರಲ್ಲಿಯೇ ಅವರ ಬುದ್ಧಿ ಮುಗಿದಿತ್ತು. ಊಟದ ಖಾತೆಯ ಮಾತು ಬಂದಾಗ ರಾಯರು, "ಅದು ನನ್ನ ಹತ್ರಾನೇ ಇರ್ಲಿ, ಸಿಸ್ಟಮ್ ಸೆಟ್ ಆಗಿದೆ" ಎಂದರು. ದಯಾನಂದಣ್ಣ "ನೋಡುವ" ಎಂದರು. ನೋಡುವ ಎಂದರೆ ಹೌದು ಎಂದೇ ಅರ್ಥ, ನಾಲ್ಕು ಜನ ಬೇಡ ಎನ್ನದಿದ್ದರೆ.

ಮೂರನೇ ಶುಕ್ರವಾರಕ್ಕೆ ಮುಂಚೆ, ಗುರುವಾರ ಮಧ್ಯಾಹ್ನ, ನಾನು ಬಸಪ್ಪನಿಗೆ ಫೋನ್ ಮಾಡಿದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

"ಬಸಪ್ಪಾ, ಈ ಸಲ ಡೊಳ್ಳಿಗೆ ಬರ್ತೀರಾ?"

"ಇಲ್ಲವ್ವಾ. ನಮ್ಮ ಮಂದಿ ಒಲ್ಲೆ ಅಂತಾರ. ಹ್ವಾದ ಸಲ ಉಪಾಸ ತಿರುಗಿ ಬಂದ್ವಿ, ಮರ್ತಿಲ್ಲ."

"ಅಧ್ಯಕ್ಷರಿಗೆ ಎಂತ ಹೇಳ್ತಿ?"

"ಏನ್ ಹೇಳೂದವ್ವಾ, ದೊಡ್ಡ ಮಂದಿ. ಡ್ಯೂಟಿ ಐತಿ ಅಂತ ಹೇಳಿ ಕೈಬಿಡ್ತೀನಿ."

"ಡ್ಯೂಟಿ ಅಂತ ಸುಳ್ಳು ಹೇಳ್ಬೇಡ. ನಾಳೆ ಊಟ ಆದ ಮೇಲೆ ಫೋನ್ ಬರ್ತದೆ. ಇದ್ದದ್ದು ಇದ್ದ ಹಾಗೆ ಹೇಳು."

"ಬೈದಾರವ್ವಾ."

"ಬೈದ್ರೆ ಎಂತ, ಕಿವಿ ಹರಿದು ಬೀಳ್ತದಾ?"

ಅವನು ನಕ್ಕ. ಹೂಂ ಎಂದ. ನಾನು ಅವನ ಬಾಯಿಗೆ ಒಂದು ಮಾತನ್ನೂ ತುರುಕಲಿಲ್ಲ. ಸುಮ್ಮನಿರಬೇಡ ಎಂದೆ, ಅಷ್ಟೆ.

ಶುಕ್ರವಾರ ಊಟವಾಯಿತು. ಪಟ್ಟಿಯನ್ನು ಅವತ್ತೇ ಮುಗಿಸಬೇಕು ಎಂದು ಲಾರೆನ್ಸಣ್ಣ ಹಟ ಹಿಡಿದಿದ್ದರು. ಒಂದೊಂದೇ ಹೆಸರು ಓದಿದರು. "ಊಟ, ಮನೋಹರ ರಾಯರು" ಎಂದು ಓದಿದ ಕೂಡಲೇ ನಾನು ಮಜ್ಜಿಗೆಯ ಜಗ್ಗನ್ನು ಅವರ ಮೇಜಿನ ಮೇಲಿಟ್ಟೆ.

"ಊಟದ ಖಾತೆ ನನಗೆ ಕೊಡಿ" ಎಂದೆ.

ಮೂಲೆಯವರು ನಕ್ಕರು. ವಾಸಣ್ಣ ಗಲ್ಲಾದಿಂದ ಎದ್ದು ಬಂದು ನನ್ನ ಕಿವಿಯ ಹತ್ತಿರ, "ಎಂತ ಗಿರಿಜಕ್ಕ ಇದು? ಗಿರಾಕಿಗಳ ಮಾತಿನ ಮಧ್ಯೆ? ಒಳಗೆ ನಡೀರಿ" ಎಂದರು.

"ಒಳಗೆ ಕೆಲಸ ಮುಗಿದಿದೆ ವಾಸಣ್ಣ. ಪಾತ್ರೆ ತೊಳೆದೇ ಬಂದದ್ದು."

ಮನೋಹರ ರಾಯರು ನಗುನಗುತ್ತಲೇ ಹೇಳಿದರು, "ಗಿರಿಜಮ್ಮ, ಅಡುಗೆ ಬೇರೆ, ಖಾತೆ ಬೇರೆ. ಇದ್ರಲ್ಲಿ ಇಮೇಲ್ ಇದೆ, ಎಕ್ಸೆಲ್ ಶೀಟ್ ಇದೆ..."

"ಹೋದ ವರ್ಷವೂ ಎಕ್ಸೆಲ್ ಇತ್ತಲ್ಲ ರಾಯರೇ. ಡೊಳ್ಳಿನವರು ಅದರಲ್ಲಿ ಇದ್ರಾ?"

ಅವರ ನಗು ನಿಂತಿತು. "ಅದು ಕಮ್ಯುನಿಕೇಷನ್ ಗ್ಯಾಪ್ ಆಗಿದ್ದು."

"ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ಹದಿನೆಂಟು ಜನ ಹಸಿದು ಹೋದ್ರು. ಬಡಿಸದೆ ನಿಂತವಳು ನಾನು. ಬಡಿಸ್ಬೇಡಿ ಅಂದವರು ನೀವು."

ದಯಾನಂದಣ್ಣನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅವರು ಆವತ್ತು ಮುಖ್ಯ ಅತಿಥಿಯ ಪಕ್ಕದಲ್ಲಿ ಕುಳಿತು ಉಂಡಿದ್ದರು. ಮುಖ ಸಣ್ಣಗಾಯಿತು. ಆದರೂ, "ನೋಡುವ ಗಿರಿಜಕ್ಕ, ಈಗ ಪಟ್ಟಿ ಆಗಿದೆಯಲ್ಲ, ಮುಂದಿನ ಸಲ ನೋಡುವ" ಎಂದರು.

"ಮೊದಲು ಒಂದು ಫೋನ್ ಮಾಡಿ ನೋಡಿ. ಡೊಳ್ಳು ಇಲ್ಲದೆ ಮೆರವಣಿಗೆ ಹೊರಡ್ತದಾ?"

"ಛೇ, ಹೇಗೆ ಹೊರಡ್ತದೆ? ಕಾನ್ಸುಲೇಟಿನವರು ಬರ್ತಾರೆ."

"ಹಾಗಾದ್ರೆ ಬಸಪ್ಪನನ್ನು ಕೇಳಿ, ಬರ್ತಾನಾ ಅಂತ."

ಅವರು ಫೋನ್ ಮಾಡಿದರು. ಲಾರೆನ್ಸಣ್ಣ ಕೈ ಚಾಚಿ ಸ್ಪೀಕರಿಗೆ ಹಾಕಿದರು. ಮೆಸ್ಸಿನ ತುಂಬ ಬಸಪ್ಪನ ದನಿ.

"ನಮಸ್ಕಾರ್ರೀ ಅಧ್ಯಕ್ಷರ. ನಾವು ಈ ಸಲ ಬರೂದಿಲ್ರಿ."

"ಯಾಕೆ ಬಸಪ್ಪ? ಡ್ಯೂಟಿ ಇದ್ರೆ ನಾನು ನಿಮ್ಮ ಕಂಪೆನಿಗೆ ಹೇಳ್ತೇನೆ."

"ಡ್ಯೂಟಿ ಇಲ್ರಿ. ಹ್ವಾದ ಸಲ ಬಾರ್ಸಿದ್ವಿ, ಉಣ್ಣಾಕ ಚೀಟಿ ಕೇಳಿದ್ರು. ನಮ್ಮೂರಾಗ ಡೊಳ್ಳಿನ ಮಂದಿಗೆ ಮೊದಲು ಎಲಿ ಹಾಕ್ತಾರ್ರಿ, ಆಮ್ಯಾಲೆ ಗೌಡರು ಕುಂದರ್ತಾರ. ಚೀಟಿ ಕೊಟ್ಟು ಉಣ್ಣೂ ಹಬ್ಬ ನಮಗ ಗೊತ್ತಿಲ್ರಿ."

ದಯಾನಂದಣ್ಣ ಬೆವರು ಒರೆಸಿಕೊಂಡರು. "ಹಾಗೆ ಹೇಳ್ಬೇಡ ಮಾರಾಯ. ಎಂತ ಮಾಡಿದ್ರೆ ಬರ್ತೀರಿ ಹೇಳು."

ಮುಂದಿನ ಮಾತು ನಾನು ಹೇಳಿಸಿದ್ದಲ್ಲ, ಅವನದೇ. "ಆ ಮೆಸ್ಸಿನ ಅವ್ವಾರು ಸೌಟು ಹಿಡ್ದು ನಮ್ಮ ಮಾರಿ ನೋಡಿ ನೆಲಾ ನೋಡಿದ್ರು. ಆವತ್ತು ಅಲ್ಲಿ ನಾಚಿಕಿ ಪಟ್ಟಾಕಿ ಅಕಿ ಒಬ್ಬಾಕೀನ. ಅಕಿ ಊಟದ ಮ್ಯಾಲ ನಿಂತ್ರ ಬರ್ತೀವಿ."

ಮನೋಹರ ರಾಯರು ನಿಯಮ ಹಿಡಿದರು.

"ಇವರು ಸದಸ್ಯರೇ ಅಲ್ವಲ್ರೀ. ಸದಸ್ಯರಲ್ಲದವರಿಗೆ ಖಾತೆ ಹೆಂಗೆ ಕೊಡ್ತೀರಿ?"

ಅದು ನಿಜ. ಇಷ್ಟು ವರ್ಷ ಅವರೆಲ್ಲರಿಗೆ ಬಡಿಸಿದ್ದೆ, ಸದಸ್ಯಳಾಗು ಎಂದು ಯಾರೂ ಕೇಳಿರಲಿಲ್ಲ. ಲಾರೆನ್ಸಣ್ಣ ಪ್ಲಾಸ್ಟಿಕ್ ಚೀಲ ಬಿಚ್ಚಿ ಪುಸ್ತಕ ತೆಗೆದರು, ಕನ್ನಡಕ ಹಾಕಿದರು, ನಿಧಾನವಾಗಿ ಓದಿದರು. "ಅಧ್ಯಕ್ಷರು ತಮಗೆ ಯೋಗ್ಯರೆಂದು ತೋರಿದವರನ್ನು ವಿಶೇಷ ಸಂಚಾಲಕರನ್ನಾಗಿ ನೇಮಿಸಬಹುದು."

"ಅದು ಕಲಾವಿದರಿಗೆ ಅಂತ ಇಟ್ಟಿದ್ದು ಕಣ್ರೀ."

"ಕಲಾವಿದರು ಅಂತ ಇಲ್ಲಿ ಬರೆದಿಲ್ಲ. ಯೋಗ್ಯರು ಅಂತ ಉಂಟು. ಗಿರಿಜಕ್ಕನ ಮೀನು ಸಾರು ಈಗ ಎರಡು ಸಲ ಹಾಕಿಸ್ಕೊಂಡ್ರಲ್ಲ ರಾಯ್ರೇ, ಯೋಗ್ಯ ಅಲ್ವಾ ಹೇಳಿ?"

ಎಲ್ಲರೂ ನಕ್ಕರು, ಮೂಲೆಯವರು ಮೇಜು ಬಡಿದರು. ದಯಾನಂದಣ್ಣ ವಾಸಣ್ಣನ ಮುಖ ನೋಡಿದರು. ವಾಸಣ್ಣ, "ಮೆಸ್ಸಿನ ಕೆಲಸಕ್ಕೆ ತೊಂದ್ರೆ ಆಗ್ಬಾರ್ದು" ಎಂದಷ್ಟೇ ಹೇಳಿದರು. ಫೋನಿನಲ್ಲಿ ಬಸಪ್ಪ ಇನ್ನೂ ಕಾಯುತ್ತಿದ್ದ. "ಆಯ್ತು ಬಸಪ್ಪ, ಖಲಾಸ್, ಗಿರಿಜಕ್ಕನೇ ಊಟಕ್ಕೆ" ಎಂದರು ಅಧ್ಯಕ್ಷರು. ರಾಯರಿಗೆ ಸ್ವಾಗತದ ಖಾತೆ ಹೋಯಿತು. ಹೀಗೆ ಆದದ್ದು. ದೊಡ್ಡ ಮನಸ್ಸು ಎಲ್ಲಿಂದ ಬಂತು ಇದರಲ್ಲಿ?

ಖಾತೆ ಸಿಕ್ಕಿದ ಮೇಲೆ ಹೆದರಿಕೆ ಶುರುವಾಯಿತು. ಸುಳ್ಳು ಯಾಕೆ ಹೇಳಲಿ. ಕೇಳುವುದು ಸುಲಭ, ಆರು ನೂರು ಜನಕ್ಕೆ ಹಾಕುವುದು ಬೇರೆ. ಎಡವಿದರೆ, ಐದನೇ ಕ್ಲಾಸಿನವಳಿಗೆ ಕೊಟ್ಟದ್ದೇ ತಪ್ಪು ಎನ್ನುತ್ತಾರೆ. ಮತ್ತೆ ಹತ್ತು ವರ್ಷ ಯಾವ ಅಡುಗೆಯವಳನ್ನೂ ಆ ಮೇಜಿನ ಹತ್ತಿರ ಬಿಡುವುದಿಲ್ಲ.

ಕೂಪನ್ ತೆಗೆದು ಹಾಕಿದೆ. ಎಷ್ಟು ಜನ ಬರುತ್ತಾರೆ ಎಂದು ಕೇಳುವುದನ್ನೂ ಬಿಟ್ಟೆ, ಏಕೆಂದರೆ ನಮ್ಮವರು ನಾಲ್ಕು ಎಂದು ಹೇಳಿ ಏಳು ಜನ ಬರುತ್ತಾರೆ, ಅತ್ತೆ ಮಾವ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ ಎನ್ನುತ್ತಾರೆ. ಲಾರೆನ್ಸಣ್ಣನಿಂದ ಊರುಗಳ ಹೆಸರು ಮಾತ್ರ ತೆಗೆಸಿದೆ. ಅದರ ಪ್ರಕಾರ ಹಂಡೆ ಇಟ್ಟೆ: ಒಂದರಲ್ಲಿ ಕುಚ್ಚಲಕ್ಕಿ, ಎರಡರಲ್ಲಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಉಳಿದದ್ದು ಜೋಳದ ರೊಟ್ಟಿ. ಅಲ್ಲಿಯೇ ನನ್ನ ಕೈ ನಿಂತದ್ದು. ನಾನು ನೀರುದೋಸೆಯವಳು. ರೊಟ್ಟಿ ತಟ್ಟಿ ಗೊತ್ತಿಲ್ಲ.

ಬಸಪ್ಪ ತನ್ನ ರಜೆಯ ದಿನ ನೈಫಿಗೆ ಬಂದ. ಆರೋಗ್ಯ ಕಾರ್ಡ್ ಇಲ್ಲ, ಅಡುಗೆಮನೆಯೊಳಗೆ ಬಿಡುವಂತಿಲ್ಲ. ಬಡಿಸುವ ಕಿಟಕಿಯ ಆಚೆ ಸ್ಟೂಲು ಹಾಕಿ ಕೂರಿಸಿದೆ. ನಾನು ಈಚೆ ಹಿಟ್ಟು ಕಲಸುವುದು, ಅವನು ಆಚೆಯಿಂದ ಕೂಗುವುದು.

"ತಣ್ಣೀರ ಬ್ಯಾಡವ್ವಾ! ಹಳೀ ಹಿಟ್ಟೈತಿ, ಜಿಗಿ ಇಲ್ಲ. ಕುದಿಯೂ ನೀರು ಹಾಕ್ರಿ."

ಹಾಕಿದೆ. ತಟ್ಟಿದೆ. ಅಂಚು ಬಿರಿಯಿತು.

"ಇದೇನವ್ವಾ, ರೊಟ್ಟಿಯೋ ಆಂಧ್ರದ ನಕ್ಷೆಯೋ?"

"ಬಾಯಿ ಮುಚ್ಚು. ನಿನಗೆ ನೀರುದೋಸೆ ಹಾಕ್ಲಿಕ್ಕೆ ಬರ್ತದಾ?"

"ಬರೂದಿಲ್ಲ. ಅದಕ್ಕ ನಾ ಡೊಳ್ಳು ಬಾರಸ್ತೀನಿ. ತಟ್ರಿ, ತಟ್ರಿ, ಬಡೀಬ್ಯಾಡ್ರಿ. ಮಗೂನ ಬೆನ್ನು ತಟ್ಟಿದಂಗ."

ಊಟ ಮಾಡುತ್ತಿದ್ದವರೆಲ್ಲ ತಟ್ಟೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದು ನಿಂತರು. ಹನ್ನೊಂದನೇ ರೊಟ್ಟಿ ದುಂಡಗೆ ಬಂತು, ಹೆಂಚಿನ ಮೇಲೆ ಉಬ್ಬಿತು. ಬಸಪ್ಪ ಸ್ಟೂಲಿನ ಮೇಲೆ ಬೆರಳಿನಿಂದಲೇ ಡೊಳ್ಳಿನ ಪೆಟ್ಟು ಹಾಕಿದ. ಕಡಕ್ ರೊಟ್ಟಿ ವಾರವಿಟ್ಟರೂ ಕೆಡುವುದಿಲ್ಲ. ದಿನಾ ಮೆಸ್ಸಿನ ಕೆಲಸದ ನಡುವೆ ಎಪ್ಪತ್ತು ಎಂಬತ್ತು ತಟ್ಟಿ ಒಣಗಿಸಿ ಅಟ್ಟಿ ಕಟ್ಟಿದೆ. ಹೆಬ್ಬೆರಳ ಬುಡ ಊದಿತು. ವಾಸಣ್ಣ ಅದನ್ನು ನೋಡಿ ಆ ವಾರ ಮೆಸ್ಸಿನ ಚಪಾತಿಯನ್ನು ಅಂಗಡಿಯಿಂದ ತರಿಸಿದರು. ರೊಟ್ಟಿಯ ಜೊತೆಗಿನ ಎಣ್ಣೆಗಾಯಿಗೆ ತೊಟ್ಟು ಸಮೇತ ಎಳೆ ಬದನೆ ಬೇಕಿತ್ತು. ಅದು ಅಬುಧಾಬಿಯ ಅಲ್ ಮೀನಾ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಮಲಯಾಳಿಯ ಹತ್ತಿರ ಸಿಗುತ್ತದೆ ಎಂದು ಮಗಳಿಂದ ಗೊತ್ತಿತ್ತು. ಅಳಿಯನ ಕಾರಿನ ಡಿಕ್ಕಿ ತುಂಬ ಬದನೆ ಬಂತು.

ಹಬ್ಬದ ದಿನ ಡೊಳ್ಳು ಸಭಾಂಗಣದ ಗಾಜನ್ನು ನಡುಗಿಸಿತು. ಹನ್ನೊಂದೂವರೆಗೆ ಮೆರವಣಿಗೆ ಮುಗಿಯಿತು, ಒಳಗೆ ಭಾಷಣ ಶುರುವಾಯಿತು. ಕ್ಯಾಂಪಿನ ಬಸ್ಸು ಹೊರಡುವುದು ಹನ್ನೆರಡೂವರೆಗೆ. ನಾನು ಹದಿನೆಂಟು ಜನರನ್ನೂ ಊಟದ ಮೇಜಿಗೆ ಕೂರಿಸಿದೆ. ಮೊದಲ ರೊಟ್ಟಿ ಬಡಿಸುವಷ್ಟರಲ್ಲಿ ಮನೋಹರ ರಾಯರು ಸ್ವಾಗತದ ಬ್ಯಾಡ್ಜ್ ಹಾಕಿಕೊಂಡು ಓಡಿ ಬಂದರು.

"ಏನ್ ಮಾಡ್ತಿದೀರಿ? ಮುಖ್ಯ ಅತಿಥಿಗಳು ಊಟ ಉದ್ಘಾಟನೆ ಮಾಡ್ಬೇಕು! ಅವರಿಗಿಂತ ಮೊದಲು ಯಾರೂ ಕೂರೋ ಹಾಗಿಲ್ಲ."

"ಅವರು ಬಂದ ಕೂಡಲೇ ಹಣ್ಣಿನ ರಸ, ಗೋಡಂಬಿ ಕೊಟ್ಟಿದ್ದೀರಿ. ಅವರಿಗೆ ಹಸಿವಿಲ್ಲ. ಇವರಿಗೆ ಉಂಟು."

"ಪ್ರೋಟೋಕಾಲ್ ಅಂತ ಒಂದಿದೆ ಗಿರಿಜಮ್ಮ!"

"ನಿಮ್ಮ ಖಾತೆ ಬಾಗಿಲಿನ ತನಕ ರಾಯರೇ. ಬಾಗಿಲಿನಿಂದ ಈಚೆ ನನ್ನದು."

ಅವರು ಅಧ್ಯಕ್ಷರನ್ನು ಕರೆತಂದರು. ದಯಾನಂದಣ್ಣ ಬಂದು ನೋಡಿದರು. ಹದಿನೆಂಟು ಜನ ಕೈಯಲ್ಲಿ ರೊಟ್ಟಿ ಮುರಿದು ಹಿಡಿದು, ಏಳಬೇಕೋ ಕೂರಬೇಕೋ ತಿಳಿಯದೆ ಅವರನ್ನೇ ನೋಡುತ್ತಿದ್ದರು. ಇವರು ಈಗ ನೋಡುವ ಎಂದರೆ ಏನು ಮಾಡುವುದು ಎಂದು ಯೋಚಿಸುತ್ತಾ ರೊಟ್ಟಿಯ ಬುಟ್ಟಿ ಹಿಡಿದೇ ನಿಂತೆ. ಅವರು ಮೇಜಿನ ಮೇಲಿದ್ದ ಶೇಂಗಾ ಚಟ್ನಿಯ ಬಟ್ಟಲನ್ನು ತೆಗೆದುಕೊಂಡು ಬಸಪ್ಪನ ತಟ್ಟೆಗೆ ತಾವೇ ಬಡಿಸಿದರು.

"ಊಟ ಉದ್ಘಾಟನೆ ಆಯ್ತು ರಾಯ್ರೇ" ಎಂದರು. ಆ ಮನುಷ್ಯ ನೋಡುವ ಎನ್ನದೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹದಿನೆಂಟು ಜನ ಹೊಟ್ಟೆ ತುಂಬ ಉಂಡು ಹನ್ನೆರಡೂವರೆಯ ಬಸ್ಸು ಹತ್ತಿದರು. ಆಮೇಲೆ ಉಳಿದವರು ಕುಳಿತರು. ಯಾರನ್ನೂ ಚೀಟಿ ಕೇಳಲಿಲ್ಲ, ಯಾರಿಗೂ ಕಡಿಮೆ ಬೀಳಲಿಲ್ಲ. ಕರಾವಳಿಯವರು ಕುಚ್ಚಲಕ್ಕಿ ಹಂಡೆಯ ತಳ ಕೆರೆದರು. ಕಾನ್ಸುಲೇಟಿನವರು ಎಣ್ಣೆಗಾಯಿ ಮಾಡಿದ್ದು ಯಾರು ಎಂದು ಕೇಳಿದರು. ಮನೋಹರ ರಾಯರು ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಬಂದಾಗ ನನ್ನ ಮುಖ ನೋಡದೆ ತಟ್ಟೆ ಚಾಚಿದರು. ನಾನೂ ಅವರ ಮುಖ ನೋಡದೆ ಹಾಕಿದೆ, ಬೆಣ್ಣೆ ಸ್ವಲ್ಪ ಜಾಸ್ತಿಯೇ. ವಾಸಣ್ಣ ಅಲ್ಲಿಯೂ ಹೋಗಿ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದರು. ಬಂದು, "ತಟ್ಟೆಯಲ್ಲಿ ಎಂತದೂ ಇಲ್ಲ ಗಿರಿ‌ಜಕ್ಕ, ಮಾಫಿ" ಎಂದರು. ಅರಬಿಯಲ್ಲಿ ಮಾಫಿ ಎಂದರೆ ಏನೂ ಇಲ್ಲ ಎಂದು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿದ್ದಿಲ್ಲ.

ವೇದಿಕೆಗೆ ಕರೆದರು. ಏಪ್ರನ್ ಬಿಚ್ಚದೆ ಹೋದೆ. ಆಗಲೇ ಅಧ್ಯಕ್ಷರು ಆ ದುಡಿಯುವ ಕೈಯ ಮಾತು ಹೇಳಿದ್ದು. ಶಾಲು ಹೊದಿಸಿದರು. ಮೈಕಿನ ಉಪಸಂಚಾಲಕರು ಮೈಕ್ ಹಿಡಿದರು, ಎರಡು ಮಾತಾಡಿ ಎಂದರು. "ಪಾಯಸ ಇನ್ನೂ ಇದೆ" ಎಂದೆ. ಆವತ್ತಿನ ಭಾಷಣಗಳಲ್ಲಿ ಜನ ಎದ್ದು ನಿಂತದ್ದು ಅದೊಂದಕ್ಕೇ.

ಹೊಸಬರಿಗೆ ನಾನು ಹೇಳುವುದು ಇದು. ಚೆನ್ನಾಗಿ ಬೇಯಿಸಿದರೆ ಯಾರಾದರೂ ಒಂದು ದಿನ ಗುರುತಿಸುತ್ತಾರೆ ಎಂದು ಕಾಯಬೇಡಿ. ಯಾರೂ ಗುರುತಿಸುವುದಿಲ್ಲ, ಅವರು ಉಣ್ಣುವುದರಲ್ಲಿರುತ್ತಾರೆ. ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ. ಒಮ್ಮೆ ಸಿಕ್ಕಿತೆಂದು ಸುಮ್ಮನಾಗಬೇಡಿ.

ಮರುದಿನ ಬೆಳಿಗ್ಗೆ ಆರೂವರೆಗೆ, ಮೊದಲ ಸುತ್ತಿನ ಇಡ್ಲಿ ಇಳಿಸಿ, ಕೈ ಒರೆಸಿಕೊಂಡು ಅಧ್ಯಕ್ಷರಿಗೆ ಫೋನ್ ಮಾಡಿದೆ.

"ದಯಾನಂದಣ್ಣ, ಬಸಪ್ಪನಿಗೆ ಯಾಕೆ ಖಾತೆ ಇಲ್ಲ?"

"ಗಿರಿಜಕ್ಕ, ನಾನು ಈಗ ಎದ್ದದ್ದಷ್ಟೆ. ಇನ್ನೂ ಹಲ್ಲುಜ್ಜಿಲ್ಲ ಮಾರಾಯ್ತಿ."

"ಉಜ್ಜಿ ಬನ್ನಿ. ನಾನು ಲೈನಿನಲ್ಲೇ ಇರ್ತೇನೆ" ಎಂದೆ.